ಉಪಚುನಾವಣೆಯ ಮತಗಟ್ಟೆಯಲ್ಲಿ ಮೈಸೂರಿನ ಶಾಯಿ: ಬಳಕೆಯ ವಿಮರ್ಶೆ

2006ರ ಡಿಸೆಂಬರಿನಲ್ಲಿ ಚಾಮುಂಡೇಶ್ವರಿ ಉಪಚುನಾವಣೆಯನ್ನು ಸಿದ್ದರಾಮಯ್ಯ ಗೆದ್ದದ್ದು ಬರೀ 257 ಮತಗಳಿಂದ. ಮತ ಹಾಕಿದವರ ಬೆರಳಿಗೆ ಗುರುತಾಗಿ ಹಚ್ಚುವ ಅಳಿಸಲಾಗದ ಶಾಯಿ, 10 ಮಿಲಿಲೀಟರಿನ ಒಂದು ಬಾಟಲಿ ಸುಮಾರು 700 ಬೆರಳಿಗೆ ಆಗುತ್ತದೆ, ಅಂದರೆ ಆ ಗೆಲುವಿನ ಅಂತರದ ಎರಡು ಪಟ್ಟಿಗೂ ಹೆಚ್ಚು. ಒಂದೇ ಕ್ಷೇತ್ರದ ಚುನಾವಣೆಯಲ್ಲಿ ಈ ಪುಟ್ಟ ಬಾಟಲಿಯ ಕೆಲಸ ಎಷ್ಟು ದೊಡ್ಡದು ಅಂತ ಅಲ್ಲೇ ಗೊತ್ತಾಗುತ್ತದೆ.

ತಯಾರಕರು ಮೈಸೂರ್ ಪೇಂಟ್ಸ್ ಅಂಡ್ ವಾರ್ನಿಶ್. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ, ಶುರುವಾದ ಕಾರ್ಖಾನೆ. 1962ರ ಮಹಾಚುನಾವಣೆಯಿಂದ ದೇಶಕ್ಕೆಲ್ಲ ಇಲ್ಲಿಂದಲೇ ಶಾಯಿ. ಅಂಗಡಿಯಲ್ಲಿ ಸಿಗುವ ಸರಕಲ್ಲ.

ಗುಣಮಟ್ಟದ ಬಗ್ಗೆ ತಕರಾರೇ ಇಲ್ಲ. ಇದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಂದಿಗೆ ಸೇರಿ ನೀರಿಗೆ ಕರಗದ ವಸ್ತುವಾಗುತ್ತದೆ, ಬೆಳಕು ಬಿದ್ದಂತೆ ಕಪ್ಪಾಗುತ್ತದೆ. ಚರ್ಮದ ಮೇಲಿನದು ಕೆಲವೇ ದಿನಗಳಲ್ಲಿ ಮಾಸುತ್ತದೆ. ಉಗುರಿನ ಮೇಲಿನದು ಉಗುರು ಬೆಳೆದು ಕತ್ತರಿಸುವವರೆಗೂ ಹೋಗದು. ಅದಕ್ಕೇ ಈಗ ಚುಕ್ಕೆಯಲ್ಲ, ಉಗುರಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಗೆರೆ. ಉಗುರು ಬಿಟ್ಟು ಚರ್ಮಕ್ಕೆ ಮಾತ್ರ ಸವರಿದರೆ ಶಾಯಿ ಹಚ್ಚಿದ್ದೂ ದಂಡ.

ಕೆಡುವುದೆಲ್ಲ ಹಚ್ಚುವ ಜಾಗದಲ್ಲಿ. ಎಣ್ಣೆ ಅಥವಾ ಜಿಡ್ಡು ಸವರಿದ ಬೆರಳಿಗೆ ಶಾಯಿ ಹಿಡಿಯುವುದಿಲ್ಲ. ಕಬ್ಬಿನ ಗದ್ದೆಯಿಂದ ನೇರ ಬಂದವರ ಉಗುರಿನ ಮೇಲೆ ಕೆಸರಿನ ಪದರವಿದ್ದರೆ ಗೆರೆ ಕೂರುವುದು ಕೆಸರಿನ ಮೇಲೆ. ಎರಡನೇ ಮತಗಟ್ಟೆ ಅಧಿಕಾರಿ ಮೊದಲು ಎಡಗೈ ತೋರುಬೆರಳನ್ನು ನೋಡಿ, ಬಟ್ಟೆಯಲ್ಲಿ ಒರೆಸಿ, ಆಮೇಲೆ ಗೆರೆ ಎಳೆಯಬೇಕು. ಶಾಯಿ ಹಚ್ಚಿದ ಮೇಲೆಯೇ ನಮೂನೆ 17ಎ ಎಂಬ ಮತದಾರರ ರಿಜಿಸ್ಟರಿನಲ್ಲಿ ಸಹಿ ಮಾಡಿಸಿದರೆ ಒಣಗಲು ಸಮಯ ಸಿಗುತ್ತದೆ. ಸರತಿ ಉದ್ದವಾದಾಗ ಈ ಕ್ರಮ ತಲೆಕೆಳಗಾಗುತ್ತದೆ, ಹಸಿ ಶಾಯಿ ತಲೆಗೂದಲಿಗೆ ಉಜ್ಜಿಹೋಗುತ್ತದೆ. ಮತಯಂತ್ರದ ಕಂಟ್ರೋಲ್ ಯೂನಿಟ್ ಒತ್ತುವ ಅಧಿಕಾರಿ ಬೆರಳನ್ನು ಇನ್ನೊಮ್ಮೆ ನೋಡುವ ನಿಯಮ ಇರುವುದು ಇದಕ್ಕೇ, ಅದನ್ನು ಬಿಡಲೇಬಾರದು.

ಉಪಚುನಾವಣೆಗೆ ಮಾತ್ರ ಸೇರಿದ ತೊಡಕು ಹಿಂದಿನ ಚುನಾವಣೆಯಲ್ಲಿ ಹಚ್ಚಿದ ಹಳೆ ಗುರುತು. ತೆರವಾದ ಸ್ಥಾನವನ್ನು ಸಾಮಾನ್ಯವಾಗಿ 6 ತಿಂಗಳೊಳಗೆ ತುಂಬಬೇಕು, ಉಗುರು ಪೂರ್ತಿ ಬದಲಾಗಲು ಕೂಡ ಹತ್ತಿರಹತ್ತಿರ ಅಷ್ಟೇ ಕಾಲ. 2019ರ ಏಪ್ರಿಲ್ 18ರ ಲೋಕಸಭೆಗೂ ಡಿಸೆಂಬರ್ 5ರ ಕೆ.ಆರ್. ಪೇಟೆ, ಹುಣಸೂರು ಉಪಚುನಾವಣೆಗೂ ಏಳೂವರೆ ತಿಂಗಳ ಅಂತರವಿದ್ದದ್ದು ಅನುಕೂಲವಾಯಿತು. ಅಂತರ ಕಿರಿದಾದಾಗ ಚುನಾವಣಾ ಆಯೋಗ ಬೇರೆ ಬೆರಳು ಸೂಚಿಸುತ್ತದೆ, ಮರುಮತದಾನಕ್ಕೆ ಎಡಗೈ ನಡುಬೆರಳು. ಆದೇಶ ಓದದ ಸಿಬ್ಬಂದಿ ಹಳೆ ಗೆರೆ ಕಂಡು ಅರ್ಹ ಮತದಾರರನ್ನೇ ತಡೆದರೆ ಅದು ಶಾಯಿಯ ತಪ್ಪಲ್ಲ.

ಕೊರತೆ ಅಂತ ಹೇಳುವುದಾದರೆ ಬಾಟಲಿಯ ಅಡಿ ಕಿರಿದು, ಮೇಜು ಅಲುಗಿದರೆ ಮಗುಚುತ್ತದೆ. ಮತಗಟ್ಟೆ ಅಧಿಕಾರಿಗಳ ಕೈಪಿಡಿಯಲ್ಲೇ ಹೇಳಿದಂತೆ, ಅಗಲ ತಳದ ಡಬ್ಬಿಗೆ ಮರಳು ತುಂಬಿ ಬಾಟಲಿಯ ಮುಕ್ಕಾಲು ಭಾಗ ಅದರಲ್ಲಿ ಹೂತಿಡಿ.