ಯುಪಿಸಿ ಪ್ಲಸ್ ಪ್ಲಸ್ ಅಟಾಮಿಕ್ ಡೊಮೈನ್: ನೆರೆ ಲೆಕ್ಕದಲ್ಲಿ ಬಹುಕಾಲ ಬಳಸಿದ ಮೇಲೆ

ಬಳಸಿದ ಜಾಗ: ಬಳ್ಳಾರಿಯ ಒಂದು ಕಂಪ್ಯೂಟರ್ ಲ್ಯಾಬ್, ಸಾಧಾರಣ ಗಿಗಾಬಿಟ್ ಈಥರ್ನೆಟ್‌ನಲ್ಲಿ ಜೋಡಿಸಿದ ಲಿನಕ್ಸ್ ಯಂತ್ರಗಳು. ಕೆಲಸ: ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟಾಗ ನದಿಪಾತ್ರದ ಯಾವ ಭಾಗದಲ್ಲಿ ಎಷ್ಟು ಆಳ ನೀರು ನಿಲ್ಲುತ್ತದೆ ಎಂಬ ಲೆಕ್ಕ. 2024ರ ಆಗಸ್ಟ್‌ನಲ್ಲಿ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದ ಮೇಲೆ ಇಂಥ ಲೆಕ್ಕ ಯಾಕೆ ಬೇಕೆಂದು ಈ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಲೆ: ಉಚಿತ. ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯ ಕಟ್ಟಿದ ಓಪನ್ ಸೋರ್ಸ್ ಲೈಬ್ರರಿ ಯುಪಿಸಿ ಪ್ಲಸ್ ಪ್ಲಸ್; ಒಂದೇ ಲೆಕ್ಕವನ್ನು ಹಲವು ಯಂತ್ರಗಳಿಗೆ ಹಂಚಿ ಓಡಿಸಲು ಇರುವಂಥದ್ದು.

ಅಟಾಮಿಕ್ ಡೊಮೈನ್ ಮಾಡುವುದು ಇಷ್ಟೇ: ಬೇರೆ ಯಂತ್ರದ ಮೆಮೊರಿಯಲ್ಲಿರುವ ಒಂದು ಅಂಕಿಯನ್ನು ಓದಿ, ಬದಲಿಸಿ, ಮರಳಿ ಬರೆಯುವ ಮೂರೂ ಹೆಜ್ಜೆಗಳ ನಡುವೆ ಇನ್ನೊಬ್ಬರು ನುಸುಳದಂತೆ ನೋಡಿಕೊಳ್ಳುತ್ತದೆ. ನಮಗೆ ಹೆಚ್ಚು ಬೇಕಾದದ್ದು ಫೆಚ್_ಆಡ್: ಕೌಂಟರ್‌ನಲ್ಲಿ (ಎಣಿಕೆ ಇಡುವ ಜಾಗದಲ್ಲಿ) ಈಗಿರುವ ಅಂಕಿಯನ್ನು ನಮಗೆ ಕೊಟ್ಟು, ಅದಕ್ಕೆ ಹೇಳಿದಷ್ಟು ಕೂಡಿಸುವ ಕ್ರಿಯೆ. ನದಿಪಾತ್ರದ ನಕ್ಷೆಯನ್ನು ಚಿಕ್ಕ ಚೌಕಗಳ ಗುಂಪುಗಳಾಗಿ, ಅಂದರೆ ಬ್ಲಾಕ್‌ಗಳಾಗಿ, ಒಡೆದಿರುತ್ತದೆ. ಹತ್ತಿ ಸೀಸನ್‌ನಲ್ಲಿ ಎಪಿಎಂಸಿ ಗೇಟಿನಲ್ಲಿ ಟೋಕನ್ ಕೊಟ್ಟಂತೆ, ಕೇಳಿದ ಪ್ರತಿ ಪ್ರೊಸೆಸ್‌ಗೂ (ಯಂತ್ರದಲ್ಲಿ ಓಡುತ್ತಿರುವ ಪ್ರೋಗ್ರಾಮಿನ ಪ್ರತಿಗೂ) ಮುಂದಿನ ಬ್ಲಾಕಿನ ನಂಬರ್ ಸಿಗುತ್ತದೆ. ಒಂದೇ ನಂಬರ್ ಇಬ್ಬರಿಗೆ ಹೋಗುವುದಿಲ್ಲ. ಒಣಗಿದ ಬ್ಲಾಕ್ ಕ್ಷಣದಲ್ಲಿ ಮುಗಿಯುತ್ತದೆ, ನೀರು ತುಂಬಿದ್ದು ತಡವಾಗುತ್ತದೆ. ಆದ್ದರಿಂದ ಮೊದಲೇ ಸಮನಾಗಿ ಹಂಚಿಟ್ಟರೆ ಅರ್ಧ ಯಂತ್ರಗಳು ಸುಮ್ಮನೆ ಕೂತಿರುತ್ತವೆ. ಇನ್ನೊಂದು ಲಾಭ ಬೇಸಿಗೆಯಲ್ಲಿ ಗೊತ್ತಾಗುತ್ತದೆ. ಎಸಿ ಕೈಕೊಟ್ಟು ಒಂದು ಯಂತ್ರ ಬಿಸಿಯಾಗಿ ವೇಗ ಇಳಿಸಿಕೊಂಡರೆ, ಅದು ತಾನಾಗಿಯೇ ಕಡಿಮೆ ಟೋಕನ್ ಎತ್ತುತ್ತದೆ, ಉಳಿದವು ಅದಕ್ಕಾಗಿ ಕಾಯುತ್ತ ಕೂರುವುದಿಲ್ಲ.

ಡೊಮೈನ್ ಕಟ್ಟುವಾಗಲೇ ಅಂಕಿಯ ಬಗೆಯನ್ನೂ ಯಾವ ಯಾವ ಕ್ರಿಯೆ ಬೇಕೆಂಬುದನ್ನೂ ಪಟ್ಟಿ ಮಾಡಿ ಕೊಡಬೇಕು: ಲೋಡ್ (ಓದುವುದು), ಸ್ಟೋರ್ (ಬರೆಯುವುದು), ಫೆಚ್_ಆಡ್, ಮ್ಯಾಕ್ಸ್ (ಎರಡರಲ್ಲಿ ದೊಡ್ಡದನ್ನು ಉಳಿಸುವುದು) ಹೀಗೆ. ಹೊಸಬರಿಗೆ ಇದು ಕಿರಿಕಿರಿ. ಆದರೆ ಈ ಲೈಬ್ರರಿಯ ಅತಿ ಒಳ್ಳೆಯ ಗುಣ ಇದೇ ಎನ್ನುವುದು ನಮ್ಮ ಅಭಿಪ್ರಾಯ. ಪಟ್ಟಿಯಲ್ಲಿರುವ ಎಲ್ಲವನ್ನೂ ನೆಟ್‌ವರ್ಕ್ ಕಾರ್ಡ್ ಮಾಡಬಲ್ಲದಾದರೆ ಕೆಲಸ ಕಾರ್ಡಿಗೆ ಹೋಗುತ್ತದೆ (ಕ್ರೇ ಸೂಪರ್‌ಕಂಪ್ಯೂಟರ್‌ಗಳ ಅರೀಸ್ ಜಾಲದಲ್ಲಿ ಹೀಗಿದೆ), ಇಲ್ಲದಿದ್ದರೆ ಎಲ್ಲವೂ ಪ್ರೊಸೆಸರ್ ಮೂಲಕವೇ ನಡೆಯುತ್ತದೆ. ಎರಡೂ ಬೆರೆಯುವುದಿಲ್ಲ. ಬೆರೆತರೆ ಏನಾಗುತ್ತದೆ? ಕೌಂಟರ್‌ನಲ್ಲಿ 41 ಇದೆ. ಕಾರ್ಡ್ 41 ಓದಿತು, ಅದೇ ಹೊತ್ತಿಗೆ ಪ್ರೊಸೆಸರೂ 41 ಓದಿತು, ಇಬ್ಬರೂ 42 ಬರೆದರು. ಎರಡು ಬಾರಿ ಕೂಡಿಸಿದರೂ ಏರಿದ್ದು ಒಂದೇ. ಹೀಗಾಗಿ ಕೌಂಟರ್ ನಮ್ಮದೇ ಮೆಮೊರಿಯಲ್ಲಿದ್ದರೂ ಅದನ್ನು ಸಾದಾ ಪಾಯಿಂಟರ್‌ನಿಂದ (ಮೆಮೊರಿ ವಿಳಾಸ ಹಿಡಿದು ನೇರವಾಗಿ) ಮುಟ್ಟಬಾರದು; ಓದುವುದಕ್ಕೂ ಡೊಮೈನ್‌ನ ಲೋಡ್ ಬಳಸಬೇಕು. ಈಥರ್ನೆಟ್‌ನಲ್ಲಿ ಸರಿಯಾಗಿ ಓಡಿದ ತಪ್ಪು ಕೋಡ್ ದೊಡ್ಡ ಯಂತ್ರಕ್ಕೆ ಹೋದಾಗ ಕೆಡುವುದು ಇಲ್ಲಿಯೇ. ಡಿಬಗ್ ಮೋಡ್‌ನಲ್ಲಿ ಕಂಪೈಲ್ ಮಾಡಿದರೆ ಪಟ್ಟಿಯಲ್ಲಿಲ್ಲದ ಕ್ರಿಯೆ ಕರೆದದ್ದು ಸಿಕ್ಕಿಬೀಳುತ್ತದೆ, ಈ ಬೆರಕೆ ಮಾತ್ರ ಸಿಕ್ಕಿಬೀಳುವುದಿಲ್ಲ.

ಈಗ ದೊಡ್ಡ ದೂರು. ನಮ್ಮಂಥ ಸಾಧಾರಣ ಜಾಲದಲ್ಲಿ ಪ್ರತಿ ಅಟಾಮಿಕ್ ಕೋರಿಕೆಯೂ ಒಂದು ಸಂದೇಶವಾಗಿ ಹೋಗುತ್ತದೆ. ಕೌಂಟರ್ ಇಟ್ಟುಕೊಂಡಿರುವ ಪ್ರೊಸೆಸ್ ಲೈಬ್ರರಿಯೊಳಗೆ ಕಾಲಿಟ್ಟಾಗಲೇ ಅದಕ್ಕೆ ಉತ್ತರ. ಅದು 30 ಮಿಲಿಸೆಕೆಂಡ್ ತನ್ನದೇ ಲೂಪಿನಲ್ಲಿ ಮುಳುಗಿದ್ದರೆ ಎಲ್ಲರಿಗೂ 30 ಮಿಲಿಸೆಕೆಂಡ್ ಕಾಯುವ ಶಿಕ್ಷೆ. ಕೌಂಟರ್ ಇರುವ ಪ್ರೊಸೆಸ್‌ನ ಒಳಲೂಪಿನಲ್ಲಿ ಕೆಲವು ಸಾಲುಗಳಿಗೊಮ್ಮೆ, ಬಂದ ಕೋರಿಕೆಗಳನ್ನು ನೋಡಿಕೊಳ್ಳುವ ಪ್ರೋಗ್ರೆಸ್ ಕರೆಯಬೇಕು, ಇಲ್ಲವೇ ಆ ಪ್ರೊಸೆಸ್‌ಗೆ ಬ್ಲಾಕ್ ಲೆಕ್ಕವನ್ನೇ ಕೊಡಬಾರದು. ಯಂತ್ರಗಳು ಹೆಚ್ಚಿದ್ದರೆ ಎರಡನೆಯದೇ ಲೇಸು.

ಒಮ್ಮೆಗೆ ಎಷ್ಟು ಬ್ಲಾಕ್ ಎತ್ತಬೇಕು? ಒಂದು ಫೆಚ್_ಆಡ್ ಹೋಗಿಬರಲು 50 ಮೈಕ್ರೋಸೆಕೆಂಡ್, ಒಂದು ಬ್ಲಾಕಿನ ಲೆಕ್ಕಕ್ಕೆ 200 ಎಂದುಕೊಳ್ಳಿ. ಒಂದೊಂದಾಗಿ ಎತ್ತಿದರೆ ಐದರಲ್ಲಿ ಒಂದು ಪಾಲು ಸಮಯ ಕೇಳುವುದರಲ್ಲೇ ಹೋಯಿತು. 16 ಎತ್ತಿದರೆ ಆ ನಷ್ಟ ಶೇಕಡಾ 1.5ಕ್ಕೆ ಇಳಿಯುತ್ತದೆ. ಆದರೆ 200 ಎತ್ತಿದರೆ ಕೊನೆಯಲ್ಲಿ ಒಬ್ಬನೇ ದುಡಿಯುತ್ತಿರುತ್ತಾನೆ, ಉಳಿದವರು ನೋಡುತ್ತಿರುತ್ತಾರೆ. ಇದಕ್ಕಿಂತ ಚೆನ್ನಾದ ಉಪಾಯವೂ ಇದೆ: ಕೈಯಲ್ಲಿರುವ ಕಂತು (ಒಮ್ಮೆಗೆ ಎತ್ತಿದ ಬ್ಲಾಕ್‌ಗಳು) ಶುರು ಮಾಡುವ ಮೊದಲೇ ಮುಂದಿನ ಕಂತಿಗೆ ಫೆಚ್_ಆಡ್ ಕಳಿಸಿ, ಬಂದ ಫ್ಯೂಚರ್ (ಉತ್ತರ ಆಮೇಲೆ ಸಿಗುತ್ತದೆಂಬ ಚೀಟಿ) ಹಿಡಿದಿಟ್ಟುಕೊಳ್ಳಿ. ಕಂತು ಮುಗಿದ ಮೇಲೆ ವೇಟ್ ಕರೆದರೆ ಉತ್ತರ ಆಗಲೇ ಬಂದು ಕೂತಿರುತ್ತದೆ.

ಪ್ರತಿ ಕಾಲಹೆಜ್ಜೆಗೂ (ಲೆಕ್ಕದಲ್ಲಿ ಸಮಯ ಮುಂದೆ ಸರಿಯುವ ಪ್ರತಿ ಹಂತಕ್ಕೂ) ಕೌಂಟರ್ ಸೊನ್ನೆ ಮಾಡಬೇಕಲ್ಲ, ಅಲ್ಲೂ ಒಂದು ಹಳ್ಳವಿದೆ. ಬ್ಲಾಕ್ ಮುಗಿದ ಮೇಲೂ ಪ್ರತಿ ಪ್ರೊಸೆಸ್ ಇನ್ನೊಂದು ಬಾರಿ ಕೇಳಿಯೇ ನಿಲ್ಲುತ್ತದೆ; ಆ ಹೊತ್ತಿಗೆ ಸೊನ್ನೆ ಬರೆದರೆ ತಡವಾಗಿ ಬಂದವನಿಗೆ ಹಳೆಯ ಬ್ಲಾಕ್ ಮತ್ತೆ ಸಿಗುತ್ತದೆ. ಎರಡು ಕೌಂಟರ್ ಇಟ್ಟುಕೊಂಡು ಒಂದನ್ನು ಬಳಸುವಾಗ ಇನ್ನೊಂದನ್ನು ಡೊಮೈನ್‌ನ ಸ್ಟೋರ್‌ನಿಂದ ಸೊನ್ನೆ ಮಾಡಿ, ಹೆಜ್ಜೆಗಳ ನಡುವೆ ಬ್ಯಾರಿಯರ್ (ಎಲ್ಲ ಪ್ರೊಸೆಸ್‌ಗಳೂ ಬಂದು ಸೇರುವವರೆಗೆ ಕಾಯಿಸುವ ತಡೆ) ಹಾಕಿ. ಮುಂಗಡವಾಗಿ ಕಳಿಸಿದ ಫ್ಯೂಚರನ್ನು ಬ್ಯಾರಿಯರ್‌ಗೆ ಮೊದಲೇ ಮುಗಿಸಿಕೊಂಡಿರಬೇಕು.

ನೀರಿನ ಒಟ್ಟು ಪ್ರಮಾಣ ಕೂಡಿಸಲು ಡಬಲ್ (ದಶಮಾಂಶ ಸಂಖ್ಯೆ) ಬಗೆಯ ಡೊಮೈನ್ ಸಿಗುತ್ತದೆ, ಆದರೂ ಬೇಡ. ಯಾರು ಮೊದಲು ಕೂಡಿಸಿದರು ಎನ್ನುವುದರ ಮೇಲೆ ಕೊನೆಯ ಅಂಕಿಗಳು ಬದಲಾಗುತ್ತವೆ. ಎರಡು ಓಟದ ಉತ್ತರ ತಾಳೆಯಾಗದೆ ಹೋದಾಗ ದೋಷ ಕೋಡಿನದೋ ಕ್ರಮದ್ದೋ ತಿಳಿಯುವುದಿಲ್ಲ. ಲೀಟರ್ ಲೆಕ್ಕದಲ್ಲಿ 64 ಬಿಟ್ ಪೂರ್ಣಾಂಕ ಇಡಿ. ಒಂದು ಟಿಎಂಸಿ ಎಂದರೆ ಸುಮಾರು 2,832 ಕೋಟಿ ಲೀಟರ್. ಚಿಹ್ನೆಯಿರುವ 32 ಬಿಟ್ ಪೂರ್ಣಾಂಕದಲ್ಲಿ ಹಿಡಿಯುವುದು ಸುಮಾರು 214 ಕೋಟಿ, ಅಂದರೆ ಒಂದು ಟಿಎಂಸಿಯೂ ಇಲ್ಲ. 105.788 ಟಿಎಂಸಿಯ ಇಡೀ ಜಲಾಶಯ ಸುಮಾರು ಮೂರು ಲಕ್ಷ ಕೋಟಿ ಲೀಟರ್. 64 ಬಿಟ್‌ನಲ್ಲಿ ಅದನ್ನು ಮಿಲಿಲೀಟರ್‌ನಲ್ಲಿ ಬರೆದರೂ ಜಾಗ ಉಳಿಯುತ್ತದೆ. ಪ್ರತಿ ಚೌಕಕ್ಕೂ ಒಂದು ಆಡ್ ಕಳಿಸಬೇಡಿ. ಪ್ರೊಸೆಸ್ ಒಳಗೇ ಕೂಡಿಸಿ, ಕಂತಿಗೊಮ್ಮೆ ಕಳಿಸಿದರೆ ಸಾಕು.

ಕಂಪೇರ್_ಎಕ್ಸ್‌ಚೇಂಜ್ (ಅಂಕಿ ನಾವು ಎಣಿಸಿದ್ದೇ ಆಗಿದ್ದರೆ ಮಾತ್ರ ಬದಲಿಸುವ ಕ್ರಿಯೆ) ಇಟ್ಟುಕೊಂಡು, ಒಮ್ಮೆಗೆ ಒಬ್ಬರನ್ನೇ ಒಳಬಿಡುವ ಬೀಗ ಕಟ್ಟುವ ಆಸೆ ಎಲ್ಲರಿಗೂ ಬರುತ್ತದೆ. ಬೀಗಕ್ಕಾಗಿ ಸುತ್ತುವ ಪ್ರತಿ ಪ್ರೊಸೆಸ್ಸೂ ಜಾಲದ ತುಂಬ ಕೋರಿಕೆ ಸುರಿಯುತ್ತದೆ, ಬೀಗ ಬಿಡುವವನ ಸಂದೇಶವೂ ಅದೇ ಸಾಲಿನಲ್ಲಿ ನಿಲ್ಲಬೇಕು. ಆಳ ಮತ್ತು ಸಮಯ ಎರಡನ್ನೂ ಜೊತೆಯಾಗಿ ಬದಲಿಸಬೇಕಾದರೆ ಆರ್‌ಪಿಸಿ (ಬೇರೆ ಪ್ರೊಸೆಸ್‌ನಲ್ಲಿ ಓಡುವ ಫಂಕ್ಷನ್ ಕರೆ) ಕಳಿಸಿ, ಮೆಮೊರಿಯ ಒಡೆಯನೇ ಎರಡನ್ನೂ ಬರೆಯಲಿ. ಮೆಮೊರಿ ಕ್ರಮದ ವಿಷಯ: ಬ್ಲಾಕ್ ನಂಬರಿಗೆ ರಿಲ್ಯಾಕ್ಸ್ಡ್ (ಉಳಿದ ಓದು-ಬರಹಗಳ ಕ್ರಮದ ಖಾತರಿ ಕೇಳದ ಬಗೆ) ಸಾಕು. ಆರ್‌ಪುಟ್‌ನಿಂದ (ಬೇರೆ ಪ್ರೊಸೆಸ್‌ನ ಮೆಮೊರಿಗೆ ಬರೆಯುವ ಕರೆಯಿಂದ) ದತ್ತಾಂಶ ಕಳಿಸಿ 'ಸಿದ್ಧ' ಎಂಬ ಗುರುತು ಏರಿಸುವುದಾದರೆ, ಆರ್‌ಪುಟ್ ಮುಗಿಯುವವರೆಗೆ ವೇಟ್ ಮಾಡಿ ಆಮೇಲೆ ಸ್ಟೋರ್ ಮಾಡಬೇಕು. ಸ್ಟೋರ್‌ಗೆ ರಿಲೀಸ್ (ಹಿಂದಿನ ಬರಹಗಳು ಮೊದಲು ಕಾಣಲಿ ಎಂಬ ಕ್ರಮ) ಎಂದು ಬರೆದ ಮಾತ್ರಕ್ಕೆ, ಕಾಯದೆ ಹಾರಿಬಿಟ್ಟ ಆರ್‌ಪುಟ್ ಮೊದಲು ತಲುಪುವುದಿಲ್ಲ.

ಯಂತ್ರಗಳ ನಡುವೆ ಸಂದೇಶ ಕಳಿಸುವ ಮಾನದಂಡವಾದ ಎಂಪಿಐಯಲ್ಲೂ 2012ರ ಮೂರನೆಯ ಆವೃತ್ತಿಯಿಂದ ಫೆಚ್_ಅಂಡ್_ಆಪ್ ಇದೆ, ಈಗಾಗಲೇ ಎಂಪಿಐಯಲ್ಲಿ ಬರೆದ ಕೋಡ್ ಇದ್ದವರು ಅದರಲ್ಲೇ ಇರಲಿ. ಆದರೆ ಒಂದೇ ವಿಳಾಸಕ್ಕೆ ಒಂದೇ ಹೊತ್ತಿಗೆ ಸಮ್ (ಕೂಡಿಸುವುದು) ಮತ್ತು ಮ್ಯಾಕ್ಸ್ ಎರಡನ್ನೂ ಕಳಿಸಿದರೆ ಅಲ್ಲಿ ಖಾತರಿಯಿಲ್ಲ. ಅಲ್ಲಿನ ಮೂಲ ನಿಯಮ ಒಂದೇ ಕ್ರಿಯೆ ಇರುತ್ತದೆಂದು ನಂಬಿಕೊಂಡಿರುತ್ತದೆ. ಇಲ್ಲಿ ಎರಡನ್ನೂ ಒಂದೇ ಡೊಮೈನ್‌ನ ಪಟ್ಟಿಗೆ ಸೇರಿಸಿದರೆ ಮುಗಿಯಿತು.

ಡೊಮೈನ್ ಕಟ್ಟುವುದೂ ಕೆಡವುವುದೂ ಎಲ್ಲ ಪ್ರೊಸೆಸ್‌ಗಳು ಸೇರಿ ಮಾಡುವ ಕೆಲಸ. ಲೂಪಿನ ಹೊರಗೆ ಒಮ್ಮೆ ಕಟ್ಟಿ, ಫೈನಲೈಸ್‌ಗೆ (ಲೈಬ್ರರಿ ಮುಚ್ಚುವ ಕರೆಗೆ) ಮುಂಚೆ ಡಿಸ್ಟ್ರಾಯ್ ಕರೆಯಿರಿ. ಐದರಲ್ಲಿ ನಾಲ್ಕು ನಕ್ಷತ್ರ. ಕಳೆದ ಒಂದು, ಒಡೆಯ ಪ್ರೊಸೆಸ್ ತಿರುಗಿ ನೋಡುವವರೆಗೆ ಕಾಯಿಸುವುದಕ್ಕೆ.