ಚಳಿಗೆ ಹಟ ಹಿಡಿದ ಅಂಬಾಸಿಡರ್: ಬ್ಯಾಟರಿ, ಇಗ್ನಿಷನ್ ಕಿಟ್, ಮಲ್ಟಿಮೀಟರ್

ಮೊದಲೇ ಹೇಳಿಬಿಡುತ್ತೇನೆ, ಚಳಿಗೆ ಸ್ಟಾರ್ಟ್ ಆಗದ ಕಾರಿನ ಮುಂದೆ ಗೆದ್ದದ್ದು ವೋಲ್ಟೇಜ್ ಅಳೆಯುವ ನಾನೂರು ರೂಪಾಯಿಯ ಮಲ್ಟಿಮೀಟರ್. ಉಳಿದ ಎರಡಕ್ಕೆ ಹತ್ತು ಸಾವಿರದ ಹತ್ತಿರ ಸುರಿದ ಮೇಲೆ ಈ ಬುದ್ಧಿ ಬಂತು.

ಕಾರು ಅಪ್ಪನದು. 1978ರ ಅಂಬಾಸಿಡರ್ ಮಾರ್ಕ್ 3, ಪೆಟ್ರೋಲ್, ಎಸ್‌ಯು ಕಾರ್ಬ್ಯುರೇಟರ್. ಮನೆ ಸಕಲೇಶಪುರದ ಹತ್ತಿರ. ಡಿಸೆಂಬರ್ ಬೆಳಗ್ಗೆ ಬಾನೆಟ್ ಮೇಲಿನ ಇಬ್ಬನಿ ಮಳೆ ಬಂದ ಹಾಗೆ ಇಳಿಯುತ್ತಿರುತ್ತದೆ. ಮಧ್ಯಾಹ್ನ ಕೀ ತಿರುಗಿಸಿದರೆ ಕಾರು ಥಟ್ಟನೆ ಸ್ಟಾರ್ಟ್. ಬೆಳಗ್ಗೆ ಆರಕ್ಕೆ ಮಾತ್ರ ಸೆಲ್ಫು (ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟರು) ನರಳುತ್ತದೆ, ಎಂಜಿನ್ ನಾಲ್ಕು ಸುತ್ತು ಸುತ್ತುತ್ತದೆ, ಸುಮ್ಮನಾಗುತ್ತದೆ. ಅಂಗಳ ಇಳಿಜಾರಾಗಿರುವುದರಿಂದ ಬಚಾವು. ಹ್ಯಾಂಡ್‌ಬ್ರೇಕ್ ಬಿಟ್ಟು, ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಟ್ಟರೆ ಮೊದಲ ಎಳೆತಕ್ಕೇ ಹೊತ್ತಿಕೊಳ್ಳುತ್ತಿತ್ತು.

ಈ ಇಳಿಜಾರಿನ ಸುಳಿವು ದಿನಾ ಕಣ್ಣೆದುರೇ ಇತ್ತು. ಚಕ್ರ ಎಂಜಿನ್ ತಿರುಗಿಸಿದಾಗ ಸ್ಟಾರ್ಟ್ ಆಗುತ್ತದೆ ಅಂದರೆ ಪೆಟ್ರೋಲ್ ಬರುತ್ತಿದೆ, ಸ್ಪಾರ್ಕೂ ಇದೆ. ತಕರಾರು ಸೆಲ್ಫು ತಿರುಗಿಸುವಾಗ ಮಾತ್ರ. ನನಗೆ ಹೊಳೆಯಲಿಲ್ಲ. ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲನ್ನು ಬೈದುಕೊಂಡು ಕೂತಿದ್ದೆ.

ದೊಡ್ಡ ಬ್ಯಾಟರಿ

ಕೇಳಿದವರೆಲ್ಲ ಹೇಳಿದ್ದು ಇದೇ. ಆರು ಸಾವಿರದ ಚಿಲ್ಲರೆ ಹೋಯಿತು. ಹಳೇ ಬ್ಯಾಟರಿಯನ್ನು ಎಕ್ಸ್‌ಚೇಂಜಿಗೆ ಕೊಟ್ಟುಬಿಟ್ಟೆ, ಅದು ಈಗಲೂ ಹೊಟ್ಟೆ ಉರಿಸುತ್ತದೆ. ಹತ್ತು ದಿನ ಕಾರು ಚೆನ್ನಾಗಿ ಎದ್ದಿತು. ಚಳಿ ಇನ್ನಷ್ಟು ಜೋರಾದ ಮೇಲೆ ಮತ್ತೆ ಅದೇ ನರಳಾಟ. ಬ್ಯಾಟರಿ ಬಗ್ಗೆ ದೂರಿಲ್ಲ, ಪಾಪ.

ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್

ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಹಳೇ ಪಾಯಿಂಟ್, ಕಂಡೆನ್ಸರ್ ತೆಗೆದು, ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ ಕೂರಿಸುವ ಪುಟ್ಟ ಡಬ್ಬಿ. ಎಂಜಿನ್ ಬಿಸಿಯಾದ ಮೇಲೆ ಓಟ ನಿಜಕ್ಕೂ ನುಣುಪಾಯಿತು. ಆದರೆ ಬೆಳಗಿನ ಕಷ್ಟ ಜಾಸ್ತಿಯೇ ಆಯಿತು. ಸೆಲ್ಫು ತಿರುಗುವಾಗ ವೋಲ್ಟೇಜ್ ಕುಸಿದರೆ ಈ ಡಬ್ಬಿ ಕೆಲಸವನ್ನೇ ನಿಲ್ಲಿಸುತ್ತಿತ್ತು. ಪಾಯಿಂಟ್ ಅಷ್ಟು ಸೂಕ್ಷ್ಮವಲ್ಲ. 0.38 ಮಿಲಿಮೀಟರ್ ಗ್ಯಾಪ್ ಇಟ್ಟು ಮುಖ ಉಜ್ಜಿದರೆ ಅಷ್ಟಿಷ್ಟು ಕರೆಂಟಿನಲ್ಲೂ ಕಿಡಿ ಹಾರುತ್ತದೆ. ದಾರಿಯಲ್ಲಿ ಕೈಕೊಟ್ಟರೂ ನಾನೇ ಸರಿಮಾಡಿಕೊಳ್ಳಬಹುದು.

ಮಲ್ಟಿಮೀಟರ್

ಹಾಸನದಲ್ಲಿ ಬೇರೇನೋ ತರಲು ಹೋಗಿ ಕೊಂಡದ್ದು. ಕೆಲಸ ಸುಲಭ, ಆದರೆ ಒಂದು ತಾಪತ್ರಯ ನನ್ನ ಪ್ರಾಣ ತಿಂದಿತು. ದಿನಕ್ಕೆ ಒಂದೇ ಪರೀಕ್ಷೆ!

ಎಂಜಿನ್ ರಾತ್ರಿಯಿಡೀ ತಣ್ಣಗಾಗಿರಬೇಕು. ಒಮ್ಮೆ ಸೆಲ್ಫು ಹೊಡೆದು ಎಂಜಿನ್ ಹೊತ್ತಿಕೊಂಡರೆ ಆ ದಿನದ ಸಾಕ್ಷಿ ನಾಶ. ಆಯಿಲ್ ತೆಳುವಾಗುತ್ತದೆ, ಸೆಲ್ಫಿನ ಭಾರ ಇಳಿಯುತ್ತದೆ, ಮೀಟರಿನಲ್ಲಿ ಎಲ್ಲವೂ ಸರಿ ಅಂತಲೇ ಬರುತ್ತದೆ. ಮೊದಲ ಬೆಳಗ್ಗೆ ಮೀಟರನ್ನು ಡಿಸಿ ಬದಲು ಎಸಿ ವೋಲ್ಟಿನಲ್ಲಿಟ್ಟು ಎಡವಿದೆ. ಎರಡನೇ ಬೆಳಗ್ಗೆ ಕಾಯಿಲ್ ವೈರ್ ಬಿಚ್ಚಲು ಮರೆತೆ (ಬಿಚ್ಚಿದರೆ ಕಿಡಿ ಇರದು, ಎಂಜಿನ್ ಹೊತ್ತಿಕೊಳ್ಳದು), ಕಾರು ಬೇಕೆಂದೇ ಸ್ಟಾರ್ಟ್ ಆಯಿತು! ಬೇಡವಾದ ದಿನ ಎಷ್ಟು ಚೆಂದ ಏಳುತ್ತದೆ ನೋಡಿ.

ಇನ್ನೊಂದು, ಇದಕ್ಕೆ ಇಬ್ಬರು ಬೇಕು. ಒಬ್ಬರು ಕೀ ತಿರುಗಿಸಬೇಕು, ಇನ್ನೊಬ್ಬರು ಬಾನೆಟ್ ಕೆಳಗೆ ಮೀಟರಿನ ಕಡ್ಡಿ ಹಿಡಿದು ನಿಲ್ಲಬೇಕು. ಆರು ಗಂಟೆಯ ಚಳಿಯಲ್ಲಿ ಹೆಂಡತಿಯನ್ನು ಶಾಲು ಹೊದ್ದುಕೊಂಡು ಬಂದು ಕೂರು ಅನ್ನುವುದು ಸಣ್ಣ ಮಾತಲ್ಲ. ಎರಡು ದಿನ ಬೈದುಕೊಂಡೇ ಬಂದಳು.

ಮೂರನೇ ದಿನ ಎಲ್ಲ ಕೂಡಿಬಂತು. ಬ್ಯಾಟರಿಯ ಎರಡು ತುದಿಗೆ ಕಡ್ಡಿ ಇಟ್ಟಾಗ ಮೀಟರಿನಲ್ಲಿ 12.6 ವೋಲ್ಟ್. ಸೆಲ್ಫು ತಿರುಗುವಾಗ 10.6. ಅದು 9.6ಕ್ಕಿಂತ ಕೆಳಗೆ ಹೋಗದಿದ್ದರೆ ಬ್ಯಾಟರಿ ಗಟ್ಟಿ ಅಂತ ಲೆಕ್ಕ. ಆಮೇಲೆ ಒಂದು ಕಡ್ಡಿ ನೆಗೆಟಿವ್ ಟರ್ಮಿನಲ್ಲಿಗೆ, ಇನ್ನೊಂದು ಎಂಜಿನ್ನಿನ ಬರೀ ಲೋಹಕ್ಕೆ. ಸೆಲ್ಫು ಹೊಡೆದಾಗ ಕರೆಂಟಿನ ವಾಪಸು ದಾರಿಯಲ್ಲಿ ನಷ್ಟವಾಗುವ ಈ ವೋಲ್ಟೇಜ್ 0.3ರ ಒಳಗಿರಬೇಕು. ನನ್ನದರಲ್ಲಿ 2.3!

ಅಷ್ಟರಲ್ಲಿ ಒಳಗಿನಿಂದ ಕೂಗು: "ರೀ, ಈ ಚೋಕ್ ಯಾಕೆ ಬಿಸಿ ಆಗಿದೆ?"

ಮುಟ್ಟಿ ನೋಡಿದೆ. ಚಳಿಯಲ್ಲಿ ಪೆಟ್ರೋಲ್ ಜಾಸ್ತಿ ಬರಲಿ ಅಂತ ಎಳೆಯುವ ಆ ಗುಂಡಿ ಬೆಚ್ಚಗಿತ್ತು. ಕಾರ್ಬ್ಯುರೇಟರ್ ಕಡೆಯ ಕೇಬಲ್ ತುದಿಯನ್ನಂತೂ ಬೆರಳಲ್ಲಿ ಹಿಡಿಯಲಾಗಲಿಲ್ಲ. ಅಂಬಾಸಿಡರ್ ಎಂಜಿನ್ ಕೂತಿರುವುದು ರಬ್ಬರ್ ಮೌಂಟಿನ ಮೇಲೆ. ಸೆಲ್ಫಿನ ಕರೆಂಟ್ ಕಾರಿನ ಲೋಹದ ಮೈಗೆ ವಾಪಸಾಗಲು ಹೆಣೆದ ತಾಮ್ರದ ಅರ್ತ್ ಪಟ್ಟಿಯೊಂದು ಬೇಕು. ಅದು ಇಲ್ಲದಿದ್ದರೆ ಕರೆಂಟ್ ಸಿಕ್ಕ ದಾರಿ ಹಿಡಿಯುತ್ತದೆ. ನನ್ನ ಕಾರಿನಲ್ಲಿ ಸಿಕ್ಕಿದ್ದು ಬಡಪಾಯಿ ಚೋಕ್ ಕೇಬಲ್. ಡಿಸ್ಟ್ರಿಬ್ಯೂಟರ್ ಕೂತಿರುವುದೂ ಎಂಜಿನ್ ಮೇಲೆ, ಹಾಗಾಗಿ ಕಾಯಿಲ್‌ನ ಕರೆಂಟಿಗೂ ಇದೇ ಗತಿ. ಸೆಲ್ಫೂ ಸೋತಿತು, ಕಿಡಿಯೂ ಸೋತಿತು.

ಕೆಳಗೆ ತೂರಿಕೊಂಡು ನೋಡಿದರೆ ಗೇರ್‌ಬಾಕ್ಸ್ ಹತ್ತಿರ ಪಟ್ಟಿಯ ಒಂದು ತುದಿ ನೇತಾಡುತ್ತಿತ್ತು. ಬೋಲ್ಟೇ ಇಲ್ಲ. ಆಗಸ್ಟಿನಲ್ಲಿ ಒಂದು ಗ್ಯಾರೇಜಿನಲ್ಲಿ ಕ್ಲಚ್ ಪ್ಲೇಟ್ ಹಾಕಿಸಿದ್ದೆ, ಗೇರ್‌ಬಾಕ್ಸ್ ಇಳಿಸಿದವರು ಇದನ್ನು ಮರೆತಿದ್ದರು. ಬೆಚ್ಚಗಿನ ದಿನಗಳಲ್ಲಿ ಹೇಗೋ ನಡೆದುಹೋಯಿತು. ಚಳಿಗೆ ಆಯಿಲ್ ಗಟ್ಟಿಯಾಗಿ, ಸೆಲ್ಫು ಜಾಸ್ತಿ ಕರೆಂಟ್ ಕೇಳಿದಾಗ ಬಣ್ಣ ಬಯಲಾಯಿತು.

ಹೊಸ ಪಟ್ಟಿಗೆ ನೂರೈವತ್ತು ರೂಪಾಯಿ. ಎರಡೂ ಕಡೆ ತುಕ್ಕು ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಬಳಿದೆ. ಮಾರನೇ ಬೆಳಗ್ಗೆ 0.2. ಚೋಕ್ ಎಳೆದು ಕೀ ತಿರುಗಿಸಿದರೆ ಎರಡು ಸೆಕೆಂಡ್ ಸಾಕಾಯಿತು.

ಯಾರಿಗೆ ಯಾವುದು

ನಾನು ವಾರಕ್ಕೆರಡು ಸಲ ಕಾರು ತೆಗೆಯುವವನು, ಪಾಯಿಂಟ್ ಉಜ್ಜುವುದು ನನಗೆ ಬೇಜಾರಿನ ಕೆಲಸವಲ್ಲ. ಹಾಗಾಗಿ ಕಿಟ್ ಬಿಚ್ಚಿ ಪೆಟ್ಟಿಗೆಗೆ ಹಾಕಿದ್ದೇನೆ. ದಿನಾ ಓಡಿಸುವವರು, ಕೈ ಮಸಿ ಮಾಡಿಕೊಳ್ಳಲು ಇಷ್ಟವಿಲ್ಲದವರು ಅರ್ತಿಂಗ್ ಸರಿಮಾಡಿದ ಮೇಲೆ ಹಾಕಿಕೊಳ್ಳಲಿ, ಒಳ್ಳೇ ಮಾಲೇ. ಬ್ಯಾಟರಿಯನ್ನು ಅಳೆಯದೆ ಬದಲಾಯಿಸಬೇಡಿ.

ನಿಮ್ಮ ಸೆಲ್ಫು ಚುರುಕಾಗಿ ತಿರುಗುತ್ತಿದ್ದರೂ ಎಂಜಿನ್ ಹೊತ್ತದಿದ್ದರೆ ಈ ಕಥೆ ನಿಮ್ಮದಲ್ಲ. ಆಗ ಪ್ಲಗ್ ಬಿಚ್ಚಿ ನೋಡಿ. ಒದ್ದೆ ಇದ್ದರೆ ಮೊದಲು ಕಿಡಿ ನೋಡಿ, ಒಣಗಿದ್ದರೆ ಪೆಟ್ರೋಲ್ ಬಂದಿಲ್ಲ, ಚೋಕ್ ಎಳೆದಾಗ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡುವ ಜೆಟ್ ಕೆಳಗಿಳಿಯುತ್ತಿದೆಯೇ ಎಂದು ಬಗ್ಗಿ ನೋಡಿ. ಅದಕ್ಕೆ ಮೀಟರೂ ಬೇಡ, ಹೆಂಡತಿಯನ್ನು ಎಬ್ಬಿಸುವುದೂ ಬೇಡ.