ಹಸಿರು ಕಂಡ ಕೂಡಲೇ ಬಾಕಿ ಹಣ ಕೊಡಬೇಡಿ

ಮನೆ ಕಟ್ಟುವಾಗ ಹಾಳಾದ ಜಾಗದಲ್ಲಿ ಮೊದಲಿದ್ದ ಹುಲ್ಲು, ಪೊದೆ, ಗಿಡಗಳನ್ನೇ ಮತ್ತೆ ಬೆಳೆಸಿಕೊಡುತ್ತೇವೆ ಎಂದು ಯಾರಾದರೂ ಬಂದರೆ, ಕರಾರಿಗೆ ಸಹಿ ಹಾಕುವ ಮೊದಲು ಇದನ್ನು ಓದಿ. ನಾನು ಮೋಸಹೋಗಿದ್ದೇನೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಕಟ್ಟಡ ಮುಗಿಯುವ ಹೊತ್ತಿಗೆ ಜೆಸಿಬಿ, ಲಾರಿ ಓಡಾಡಿ ಸುತ್ತಲಿನ ನೆಲ ಕಲ್ಲಿನಂತಾಗಿತ್ತು. "ಒಂದೇ ಮಳೆಗಾಲ ಸರ್, ಮೊದಲಿನ ಹಾಗೇ ಆಗುತ್ತದೆ" ಎಂದ ಗುತ್ತಿಗೆದಾರ. ಅಡಿಪಾಯ ಅಗೆಯುವಾಗ ಬದಿಗೆ ಗುಡ್ಡೆ ಹಾಕಿಸಿದ್ದ ಮೇಲ್ಮಣ್ಣನ್ನು ತೋರಿಸಿದೆ. "ಅದರಲ್ಲಿ ಬರೀ ಕಳೆ ಇದೆ, ನಾವೇ ಸಾಗಿಸುತ್ತೇವೆ" ಎಂದ. ನಾನೇ ಗೇಟು ತೆಗೆದು ಟ್ರ್ಯಾಕ್ಟರುಗಳನ್ನು ಕಳುಹಿಸಿಕೊಟ್ಟೆ. ಆ ನೆಲದ ಬೀಜಗಳು, ಬೇರಿಗೆ ನೀರು ಪೋಷಕಾಂಶ ಒದಗಿಸುವ ಶಿಲೀಂಧ್ರಗಳು ಹೆಚ್ಚಾಗಿ ಇರುವುದೇ ಮೇಲಿನ ಕೆಲವು ಅಂಗುಲಗಳಲ್ಲಿ. ಅದನ್ನೇ ಕೈಯಾರೆ ಸಾಗಹಾಕಿದೆ.

ಆಮೇಲೆ ಬೀಜ, ಗೊಬ್ಬರ, ಕಾಗದದ ತಿರುಳು ಕಲಸಿದ ಹಸಿರು ರಾಡಿಯನ್ನು ಪೈಪಿನಲ್ಲಿ ಸಿಂಪಡಿಸಿದರು. ಮೂರೇ ವಾರದಲ್ಲಿ ನೆಲವೆಲ್ಲ ಹಸಿರು. ಫೋಟೊ ತೆಗೆದು ನೆಂಟರಿಗೆಲ್ಲ ಕಳುಹಿಸಿದೆ. ಬಾಕಿ ಹಣ ಅಂದೇ ಕೊಟ್ಟೆ. ಅಂದೇ!

ಮಳೆ ನಿಂತು ಹದಿನೈದು ದಿನಕ್ಕೆ ಹಳದಿಯಾಯಿತು. ಬಗ್ಗಿ ಒಂದು ಹಿಡಿ ಹುಲ್ಲು ಕಿತ್ತರೆ ಚಾಪೆಯ ಅಂಚು ಎತ್ತಿದಂತೆ ಮೊಳದಷ್ಟು ಎದ್ದು ಬಂತು. ಬೇರುಗಳು ಎರಡು ಬೆರಳಿನಷ್ಟು ಕೆಳಗಿಳಿದು, ಅಲ್ಲಿಂದ ಅಡ್ಡಕ್ಕೆ ತಿರುಗಿದ್ದವು. ಹಾರೆ ಹಾಕಿದೆ, ಠಣ್ ಎಂದಿತು. ಇನ್ನೊಂದು ಕಡೆ ಹಾಕಿದೆ, ಅಲ್ಲೂ ಠಣ್. ಕರಾರಿನಲ್ಲಿ 'ನೆಲವನ್ನು ಆಳವಾಗಿ ಸಡಿಲಿಸುವುದು' ಎಂದು ಸ್ಪಷ್ಟವಾಗಿ ಬರೆದಿತ್ತು. ಅದನ್ನು ಓದಿದ್ದೆ. ಆ ದಿನ ಹೋಗಿ ನಿಂತು ನೋಡಿರಲಿಲ್ಲ.

ಫೋನ್ ಮಾಡಿದರೆ, "ನೀವು ನೀರು ಕಡಿಮೆ ಹಾಕಿದ್ದೀರಿ." ಇನ್ನೊಮ್ಮೆ ಮಾಡಿದರೆ, "ಪ್ರಕೃತಿ ನಮ್ಮ ಮಾತು ಕೇಳುತ್ತದೆಯೇ ಸರ್?" ಬೀಜದ ಪಟ್ಟಿ ಕೇಳಿದರೆ, "ಅದು ನಮ್ಮ ಗುಟ್ಟಿನ ಮಿಶ್ರಣ." ಮರುವರ್ಷದ ಮಳೆಗೆ ಸೊಂಟದೆತ್ತರ ಪಾರ್ಥೇನಿಯಂ ಎದ್ದಿತು. ಅಮೆರಿಕ ಮೂಲದ ಕಳೆ! ಫೋಟೊ ಕಳುಹಿಸಿದೆ. ಬಂದ ಉತ್ತರ: "ಹಸಿರು ಇದೆಯಲ್ಲ ಸರ್." ಈ ಮಾತು ಇನ್ನೂ ಕಿವಿಯಲ್ಲಿ ಗುಂಯ್‌ಗುಡುತ್ತಿದೆ. ಹಸಿರು ಇದೆಯಲ್ಲ, ಅಂತೆ!

ದಯವಿಟ್ಟು ಮೇಲ್ಮಣ್ಣನ್ನು ಬಿಟ್ಟುಕೊಡಬೇಡಿ. ಎತ್ತರದ ಗುಡ್ಡೆಯಾಗಿ ವರ್ಷಗಟ್ಟಲೆ ಇಡಲೂ ಬೇಡಿ, ಒಳಗೆ ಗಾಳಿಯಾಡದೆ ಜೀವಾಣುಗಳು, ಬೀಜಗಳು ಸಾಯುತ್ತವೆ. ತಗ್ಗಾಗಿ ಹರಡಿ, ಬೇಗ ಮರಳಿ ಹಾಕಿಸಿ. ನೆಲ ಸಡಿಲಿಸುವ ದಿನ ಅಲ್ಲೇ ನಿಂತು ನೋಡಿ. ಯಾವ ಬೀಜ, ಎಲ್ಲಿ ಆಯ್ದದ್ದು ಎಂದು ಬರವಣಿಗೆಯಲ್ಲಿ ಪಡೆಯಿರಿ. ಅರ್ಧ ಹಣವನ್ನು ಎರಡನೆಯ ಮಳೆಗಾಲ ಕಳೆಯುವವರೆಗೆ ಹಿಡಿದಿಡಿ. ಗಟ್ಟಿ ಸಿಪ್ಪೆಯ ಎಷ್ಟೋ ಕಾಡುಬೀಜಗಳು ಮೊದಲ ವರ್ಷ ಮೊಳೆಯುವುದೇ ಇಲ್ಲ. ಮೂರು ವಾರದಲ್ಲಿ ಮೈತುಂಬ ಹಸಿರಾದಾಗಲೇ ನನಗೆ ಅನುಮಾನ ಬರಬೇಕಿತ್ತು.

ಈಗ ಪಾರ್ಥೇನಿಯಂ ಅನ್ನು ಹೂ ಬಿಡುವ ಮೊದಲೇ, ಕೈಗವಸು ಹಾಕಿಕೊಂಡು ನಾನೇ ಕೀಳುತ್ತಿದ್ದೇನೆ. ಮೊನ್ನೆ ಮಣ್ಣಿನ ಗುಡ್ಡೆ ಇದ್ದ ಮೂಲೆಗೆ ಹೋದೆ. ಟ್ರ್ಯಾಕ್ಟರಿನವರು ಬಾಚಿ ಉಳಿಸಿಹೋದ ನಾಲ್ಕು ಬುಟ್ಟಿ ಮಣ್ಣಿನಲ್ಲಿ, ಯಾರೂ ಬಿತ್ತದೆ, ಮೊದಲಿದ್ದ ಹುಲ್ಲು ತೆನೆ ಬಿಟ್ಟಿತ್ತು. ಪಕ್ಕದಲ್ಲಿ ಎರಡು ತುಂಬೆ ಗಿಡ. ಅದರ ಫೋಟೊವನ್ನೂ ಅವನಿಗೆ ಕಳುಹಿಸಿದೆ. ಉತ್ತರ ಬಂದಿಲ್ಲ.